ಕೌಂಟರಿನ ಹಿಂದೆ ಒಂದು ಕುರ್ಚಿ

ಜವಳಿ ಮಳಿಗೆಯಲ್ಲಿ ದಿನವಿಡೀ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿಡುವ ಹೆಣ್ಣುಮಗಳು ರಾತ್ರಿ ಮನೆಗೆ ಬಂದು ಕಾಲುಚೀಲ ತೆಗೆದರೆ ಎಲಾಸ್ಟಿಕ್ ಕೂತಿದ್ದ ಕಡೆ ಆಳವಾದ ಗೆರೆ ಬಿದ್ದಿರುತ್ತದೆ. ಪಾದದ ಗಂಟಿನ ಸ್ವಲ್ಪ ಮೇಲೆ, ಮೂಳೆಯಿರುವ ಕಡೆ, ಹೆಬ್ಬೆರಳಿನಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಬಿಟ್ಟರೆ ಅಲ್ಲೊಂದು ಕುಳಿ ಉಳಿಯುತ್ತದೆ. ಅದು ತುಂಬಿಕೊಳ್ಳಲು ಕೆಲವು ಕ್ಷಣ ಬೇಕು. ಕಾಲಿಗೆ ನೀರಿಳಿದಿದೆ ಎಂಬುದರ ಗುರುತು ಅದು. ಬೆಳಗಾಗುವಷ್ಟರಲ್ಲಿ ಊತ ಇಳಿದಿರುತ್ತದೆ, ಹಾಗಾಗಿ ಯಾರೂ ಅದನ್ನು ಕಾಯಿಲೆ ಎನ್ನುವುದಿಲ್ಲ. ವರ್ಷಗಳು ಕಳೆದ ಮೇಲೆ ಮೀನಖಂಡದಲ್ಲಿ ನೀಲಿ ನರಗಳು ಗಂಟುಗಂಟಾಗಿ ಎದ್ದಾಗ ಮಾತ್ರ ವೈದ್ಯರ ನೆನಪಾಗುತ್ತದೆ.

ಪಾದಕ್ಕೆ ಇಳಿದ ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸ ಮೀನಖಂಡದ ಸ್ನಾಯುಗಳದ್ದು. ಒಂದೊಂದು ಹೆಜ್ಜೆಗೂ ಅವು ಹಿಂಡಿ ರಕ್ತವನ್ನು ಏರಿಸುತ್ತವೆ, ಅಭಿಧಮನಿಯೊಳಗಿನ, ಅಂದರೆ ನಾವು ನೀಲಿ ನರ ಎನ್ನುವ ರಕ್ತನಾಳದೊಳಗಿನ, ಕವಾಟಗಳು ಅದು ಹಿಂದಕ್ಕೆ ಜಾರದಂತೆ ತಡೆಯುತ್ತವೆ. ಅಲುಗಾಡದೆ ನಿಂತಾಗ ಹಿಂಡುವ ಕೆಲಸ ನಿಲ್ಲುತ್ತದೆ. ಆಗ ಪಾದದ ಗಂಟಿನ ಬಳಿ ಅಭಿಧಮನಿಯ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸಕ್ಕೆ ಏರುತ್ತದೆ. ನಡೆಯಲು ಶುರುಮಾಡಿದರೆ ಅದೇ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಹೊಲದಲ್ಲಿ ದಿನವಿಡೀ ಓಡಾಡುವವರ ದಣಿವಿಗೂ ಎರಡಡಿ ಜಾಗದಲ್ಲಿ ದಿನವಿಡೀ ನಿಲ್ಲುವವರ ದಣಿವಿಗೂ ಇರುವ ವ್ಯತ್ಯಾಸ ಇದೇ. ಡೆನ್ಮಾರ್ಕಿನಲ್ಲಿ ದುಡಿಯುವ ಜನರನ್ನು 12 ವರ್ಷ ಗಮನಿಸಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಕೆಲಸದ ಮುಕ್ಕಾಲು ಪಾಲು ಹೊತ್ತನ್ನು ಕಾಲಮೇಲೆಯೇ ಕಳೆಯುವವರು ಉಬ್ಬಿದ ನರಗಳಿಗಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಉಳಿದವರಿಗಿಂತ ಒಂದೂಮುಕ್ಕಾಲು ಪಟ್ಟಿನಷ್ಟು ಎಂದು ಅದು ಕಂಡಿತು.

ಇದು ಹೊಸದಾಗಿ ಗೊತ್ತಾದ ಸಂಗತಿಯೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ 1700ರಲ್ಲೇ ನಿಂತು ದುಡಿಯುವವರ ಕಾಲಿನ ನರಗಳ ಬಗ್ಗೆ, ಹುಣ್ಣುಗಳ ಬಗ್ಗೆ ಬರೆದಿದ್ದರು. ನಡುನಡುವೆ ಕೂರಬೇಕು, ಇಲ್ಲವೇ ಓಡಾಡಬೇಕು ಎಂಬುದು ಅವರು ಕೊಟ್ಟ ಸಲಹೆ. ಆ ಸಲಹೆ ಅಂಗಡಿಯ ಮಟ್ಟಿಗೆ ಕಾನೂನಾಗಲು ಎರಡು ಶತಮಾನ ಹಿಡಿಯಿತು. ಬ್ರಿಟನ್ನಿನಲ್ಲಿ 1899ರಲ್ಲಿ ಅಂಗಡಿ ಸಹಾಯಕರ ಆಸನಗಳಿಗೆಂದೇ ಒಂದು ಕಾಯ್ದೆ ಬಂತು. ಚಿಲ್ಲರೆ ಮಾರಾಟ ನಡೆಯುವ ಕೋಣೆಯಲ್ಲಿ ಮೂವರು ಹೆಣ್ಣುಮಕ್ಕಳಿಗೆ ಒಂದಾದರೂ ಆಸನ ಇರಬೇಕು ಎಂದಿತು. ಗಂಡಸರ ಮಾತು ಅದರಲ್ಲಿ ಇರಲಿಲ್ಲ.

ನಮ್ಮಲ್ಲಿ ಕುರ್ಚಿ ಮೊದಲು ಕಣ್ಣಿಗೆ ಬಿದ್ದದ್ದು ಕಾರ್ಖಾನೆಯಲ್ಲಿ. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಂ, ನಿಂತೇ ಕೆಲಸ ಮಾಡಬೇಕಾದ ಎಲ್ಲ ಕಾರ್ಮಿಕರಿಗೂ ಬಿಡುವು ಸಿಕ್ಕಾಗ ಕೂರಲು ಏರ್ಪಾಡು ಇರಬೇಕು ಎನ್ನುತ್ತಿತ್ತು. ಕೂತೇ ಚೆನ್ನಾಗಿ ಮಾಡಬಹುದಾದ ಕೆಲಸವಾದರೆ ಆಸನ ಒದಗಿಸಿ ಎಂದು ಮುಖ್ಯ ನಿರೀಕ್ಷಕರು ಲಿಖಿತ ಆದೇಶವನ್ನೂ ಕೊಡಬಹುದಿತ್ತು. ಅಂಗಡಿ ಮಾತ್ರ ಈ ಲೆಕ್ಕದಿಂದ ಹೊರಗೆ ಉಳಿಯಿತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗಳನ್ನು ಒಂದೊಂದು ರಾಜ್ಯವೂ ತನ್ನದೇ ರೀತಿಯಲ್ಲಿ ಮಾಡಿಕೊಂಡಿತು. ಕರ್ನಾಟಕದಲ್ಲಿ ಈಗಲೂ ಬಳಕೆಯಲ್ಲಿರುವುದು 1961ರ ಕಾಯ್ದೆ. ಅದನ್ನು ಬರೆದಾಗ ಕೆಲಸದ ಗಂಟೆ, ಊಟದ ಬಿಡುವು, ವಾರದ ರಜೆಗೆ ಲೆಕ್ಕ ಇಟ್ಟರು. ಕೂರುವ ಜಾಗಕ್ಕೆ ಇಡಲಿಲ್ಲ.

ಅದಕ್ಕೊಂದು ಕಾರಣವೂ ಇದ್ದಿರಬೇಕು ಎಂದು ನಮಗೆ ತೋರುತ್ತದೆ. ಆಗಿನ ಜವಳಿ ಅಂಗಡಿಯಲ್ಲಿ ನಿಲ್ಲುವ ಪ್ರಶ್ನೆಯೇ ಕಡಿಮೆ. ನೆಲಕ್ಕೆ ಗಾದಿ, ಮೇಲೆ ಬಿಳಿ ಹೊದಿಕೆ, ಮೂಲೆಯಲ್ಲಿ ಗಲ್ಲಾಪೆಟ್ಟಿಗೆ. ಚಪ್ಪಲಿ ಹೊರಗೆ ಬಿಟ್ಟು ಬಂದ ಗಿರಾಕಿ ಕೂತು ನೋಡುತ್ತಿದ್ದರು, ತೋರಿಸುವವನು ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತು ಸೀರೆ ಹರಡುತ್ತಿದ್ದ. ಅಂಥ ಅಂಗಡಿಗಳು ಚಿಕ್ಕಪೇಟೆಯ ಓಣಿಗಳಲ್ಲಿ ಇನ್ನೂ ಇವೆ. ಗಾಜಿನ ಕೌಂಟರು, ಬಹುಮಹಡಿ ಶೋರೂಮು, ಸಮವಸ್ತ್ರ ಬಂದಂತೆ ಗಿರಾಕಿಗೆ ಕುರ್ಚಿ ಸಿಕ್ಕಿತು, ಕೆಲಸದವರಿಗೆ ನಿಲ್ಲುವ ಶಿಸ್ತು ಬಂತು. ಗಿರಾಕಿ ಇಲ್ಲದ ಮಟಮಟ ಮಧ್ಯಾಹ್ನದಲ್ಲೂ ನಿಂತಿರಬೇಕು, ಗೋಡೆಗೆ ಒರಗಬಾರದು ಎಂಬುದು ಕೆಲಸದ ಅಗತ್ಯವಲ್ಲ. ಅದು ವಿಧೇಯತೆಯ ಪ್ರದರ್ಶನ.

ಈ ಶಿಸ್ತನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರು ಕೇರಳದ ಕೋಳಿಕ್ಕೋಡಿನ ಹೆಣ್ಣುಮಕ್ಕಳು. ಅಲ್ಲಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುವವರಿಗೆ ಕುರ್ಚಿಗಿಂತ ಮೊದಲು ಇಲ್ಲದಿದ್ದದ್ದು ಶೌಚಾಲಯ. ಹತ್ತಿರದ ಹೋಟೆಲಿಗೆ ಹೋಗಬೇಕು, ಹೋದರೆ ಏನಾದರೂ ಕೊಳ್ಳಬೇಕು. ಅದಕ್ಕಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದರು, ಉರಿಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತಿತ್ತು. ಅದೇ ಬೀದಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಇವರನ್ನೆಲ್ಲ ಸೇರಿಸಿ 2009ರ ಸುಮಾರಿಗೆ ‘ಪೆಣ್‌ಕೂಟ್’ ಎಂಬ ಸಂಘಟನೆ ಕಟ್ಟಿದರು. ಹೆಣ್ಣುಮಕ್ಕಳ ಕೂಟ ಎಂದು ಅದರ ಅರ್ಥ. ಶೌಚಾಲಯದ ಹೋರಾಟದ ಬೆನ್ನಿಗೇ ಕೂರುವ ಹೋರಾಟ ಬಂತು. ಕೂತದ್ದು ಕ್ಯಾಮೆರಾದಲ್ಲಿ ಕಂಡರೆ ಸಂಬಳ ಮುರಿಯುತ್ತಾರೆ ಎಂಬ ದೂರು ಆಗ ಬಹಿರಂಗವಾಗಿಯೇ ಕೇಳಿಬಂತು. 2014ರ ಕೊನೆಯಲ್ಲಿ ತ್ರಿಶೂರಿನ ಒಂದು ದೊಡ್ಡ ಜವಳಿ ಮಳಿಗೆಯ ಹೆಣ್ಣುಮಕ್ಕಳು ಅಂಗಡಿಯ ಮುಂದೆ ಧರಣಿ ಕೂತರು. ಸಂಘ ಸೇರಿದ ಮೇಲೆ ದೂರದ ಊರುಗಳಿಗೆ ವರ್ಗ ಮಾಡಿದ್ದು ಅದಕ್ಕೆ ಕಾರಣ. ಆ ಧರಣಿ ತಿಂಗಳುಗಟ್ಟಲೆ ನಡೆಯಿತು. ಮಲಯಾಳದಲ್ಲಿ ಅದನ್ನು ‘ಇರಿಪ್ಪು ಸಮರಂ’, ಕೂರುವ ಸಮರ, ಎಂದೇ ಕರೆದರು.

ಕೇರಳ ಸರ್ಕಾರ 2018ರಲ್ಲಿ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸದ ನಡುವೆ ಅವಕಾಶ ಸಿಕ್ಕಾಗ ಕೂರುವ ಏರ್ಪಾಡನ್ನು ಕಡ್ಡಾಯ ಮಾಡಿತು. ತಮಿಳುನಾಡು 2021ರಲ್ಲಿ 22-ಎ ಕಲಂ ಸೇರಿಸಿ ಅದೇ ದಾರಿ ಹಿಡಿಯಿತು. ಎರಡೂ ಕಾನೂನು ಗಂಡು ಹೆಣ್ಣೆನ್ನದೆ ಎಲ್ಲ ಕೆಲಸಗಾರರಿಗೂ ಅನ್ವಯ. 1899ರ ಕಾಯ್ದೆಗಿಂತ ಇವು ಮುಂದೆ ಹೋದದ್ದು ಇಲ್ಲಿ.

ಕರ್ನಾಟಕದವರಿಗೆ ಈಗ ಕೈಗೆಟಕುವುದು ಕೇಂದ್ರದ ಸಂಹಿತೆ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರ 24ನೇ ಕಲಂ ನಿಂತು ದುಡಿಯಬೇಕಾದವರಿಗೆಲ್ಲ ಕೂರುವ ಏರ್ಪಾಡು ಇರಬೇಕು ಎನ್ನುತ್ತದೆ. ಕಾರ್ಖಾನೆಯ ಗೋಡೆ ದಾಟಿ ವ್ಯಾಪಾರದ ಜಾಗಕ್ಕೂ ಅದು ಬರುತ್ತದೆ. ಆದರೆ ಹತ್ತು ಮಂದಿಗಿಂತ ಕಡಿಮೆ ಇರುವ ಅಂಗಡಿ ಸಾಮಾನ್ಯವಾಗಿ ಅದರ ಹೊರಗೆ. ಬೀದಿ ಬದಿಯ ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಬೇಕರಿಗಳ ಪೈಕಿ ಎಷ್ಟರಲ್ಲಿ ಹತ್ತು ಮಂದಿ ಇರುತ್ತಾರೆ? ಈ ಕೊರತೆ ತುಂಬಬೇಕಾದದ್ದು ರಾಜ್ಯದ ಕಾಯ್ದೆಯೇ.

ಕಾನೂನು ಬಂದ ಕಡೆಗಳಲ್ಲೂ ಕೆಲಸ ಕೆಡುವುದು ಸಣ್ಣ ಸಣ್ಣ ವಿಷಯಗಳಲ್ಲಿ. ಕುರ್ಚಿಯನ್ನು ತಂದು ಗೋದಾಮಿನ ಮೂಲೆಯಲ್ಲೋ ಊಟದ ಕೋಣೆಯಲ್ಲೋ ಇಡುತ್ತಾರೆ. ಎರಡು ನಿಮಿಷದ ಬಿಡುವಿನಲ್ಲಿ ಅಲ್ಲಿಗೆ ಹೋಗಿ ಬರಲಾಗುವುದಿಲ್ಲ, ಹಾಗಾಗಿ ಅದು ಇದ್ದೂ ಇಲ್ಲದಂತೆ. ಕೌಂಟರಿನ ಹಿಂದೆಯೇ ಇಟ್ಟರೆ ಸಾಮಾನ್ಯ ಕುರ್ಚಿ ತೀರಾ ತಗ್ಗು. ಸುಮಾರು 45 ಸೆಂಟಿಮೀಟರ್ ಎತ್ತರದ ಅದರಿಂದ ಗಿರಾಕಿ ಬಂದಾಗಲೆಲ್ಲ ಏಳುವುದೇ ಒಂದು ಕೆಲಸವಾಗಿ, ಮಧ್ಯಾಹ್ನದ ಹೊತ್ತಿಗೆ ಮಂಡಿ ಸೋತು ಕೂರುವುದನ್ನೇ ಬಿಡುತ್ತಾರೆ. ಮಾರನೆಯ ದಿನದಿಂದ ಆ ಕುರ್ಚಿಯ ಮೇಲೆ ಸೀರೆಯ ಪೆಟ್ಟಿಗೆಗಳು.

90ರಿಂದ 100 ಸೆಂಟಿಮೀಟರ್ ಎತ್ತರದ ಕೌಂಟರಿಗೆ ಒಪ್ಪುವುದು ಎತ್ತರದ ಸ್ಟೂಲು. ಕೂರುವ ಹಲಗೆ ಕೌಂಟರಿನ ಮೇಲ್ಮೈಗಿಂತ 25ರಿಂದ 30 ಸೆಂಟಿಮೀಟರ್ ಕೆಳಗಿರಲಿ. ಆಗ ಕೂತೇ ಬಟ್ಟೆ ತೋರಿಸಬಹುದು, ಬಿಲ್ಲು ಬರೆಯಬಹುದು, ಏಳಬೇಕಾದರೆ ಪಾದ ನೆಲಕ್ಕಿಟ್ಟರೆ ಸಾಕು. ಹಲಗೆಯಿಂದ 40ರಿಂದ 45 ಸೆಂಟಿಮೀಟರ್ ಕೆಳಗೆ ಕಾಲಿಡಲು ಬಳೆ ಅಥವಾ ಪಟ್ಟಿ ಬೇಕೇ ಬೇಕು. ಅದಿಲ್ಲದ ಸ್ಟೂಲಿನಲ್ಲಿ ಕಾಲು ಜೋತುಬಿದ್ದು, ಹಲಗೆಯ ಅಂಚು ತೊಡೆಯ ಹಿಂಭಾಗವನ್ನು ಒತ್ತಿ ಜೋಮು ಹಿಡಿಯುತ್ತದೆ, ಊತಕ್ಕೂ ಉಪಯೋಗವಿಲ್ಲ. ಸ್ಟೂಲಿನ ಕೆಳಗೆ ಚಕ್ರ ಬೇಡ, ಗ್ರಾನೈಟ್ ನೆಲದಲ್ಲಿ ಜಾರುತ್ತದೆ. ಕೌಂಟರಿನ ಕೆಳಭಾಗದಲ್ಲಿ ಮಂಡಿ ತೂರುವಷ್ಟು ಜಾಗ ಇಲ್ಲದಿದ್ದರೆ ಸ್ಟೂಲು ತಂದೂ ಪ್ರಯೋಜನವಿಲ್ಲ. ಹೊಸ ಅಂಗಡಿಯ ಮರಗೆಲಸಕ್ಕೆ ಮೊದಲೇ ಇದನ್ನು ಬಡಗಿಗೆ ಹೇಳಬೇಕು. ನಿಲ್ಲಲೇಬೇಕಾದ ಹೊತ್ತಿಗೆ ನೆಲದಿಂದ 10-15 ಸೆಂಟಿಮೀಟರ್ ಎತ್ತರದಲ್ಲಿ ಒಂದು ಕಂಬಿ ಇದ್ದರೆ ಒಂದೊಂದೇ ಕಾಲನ್ನು ಏರಿಸಿ ಸೊಂಟಕ್ಕೆ ಆರಾಮ ಕೊಡಬಹುದು.

ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ, ಮೀನಖಂಡದ ಹಿಂಡುವಿಕೆಯನ್ನು ಮತ್ತೆ ಚಾಲೂ ಮಾಡುತ್ತದೆ. ಊತ ಇರುವವರು ಬಿಗಿ ಕಾಲುಚೀಲ ಹಾಕುವುದಾದರೆ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನವೇ, ಕಾಲು ಊದಿಕೊಳ್ಳುವ ಮೊದಲೇ ಹಾಕಬೇಕು. ಸಕ್ಕರೆ ಕಾಯಿಲೆ ಇದ್ದವರು, ಕಾಲಿನ ಅಪಧಮನಿಯಲ್ಲಿ ರಕ್ತ ಸಂಚಾರ ಕಡಿಮೆಯಿರುವವರು ವೈದ್ಯರನ್ನು ಕೇಳದೆ ಹಾಕಬಾರದು. ಆದರೆ ಇದೆಲ್ಲವೂ ಕುರ್ಚಿಯ ಜೊತೆಗೆ. ಕಾಲುಚೀಲ ಕೊಡಿಸಿ ಸ್ಟೂಲು ತಪ್ಪಿಸುವುದನ್ನು ಒಪ್ಪಬಾರದು.

ಇನ್ನು ಮನಸ್ಸಿನ ಮಾತು. ಕಾಲು ನೋಯುವಾಗ ಕುರ್ಚಿ ಕಣ್ಣೆದುರಿಗೇ ಇದ್ದು ಅದರಲ್ಲಿ ಕೂರಲು ಅಂಜುವುದು ನೋವಿಗಿಂತ ದೊಡ್ಡ ಹಿಂಸೆ. ಮೇಲೆ ಕ್ಯಾಮೆರಾ, ಹಿಂದೆ ಫ್ಲೋರ್ ಸೂಪರ್‌ವೈಸರ್, ಎದುರಿಗೆ ಗಿರಾಕಿಗೆ ನಗುಮುಖ. ಹಿರಿಯರು ಬಂದಾಗ ಎದ್ದು ನಿಲ್ಲುವ ನಮ್ಮ ರೂಢಿಯನ್ನೇ ಅಂಗಡಿಯ ನಿಯಮವಾಗಿಸಿ ಕೂತವರನ್ನು ಸೋಮಾರಿ ಎನ್ನುವುದುಂಟು. ಇದನ್ನು ಬಿಡಿಸಬೇಕಾದವರು ಮಾಲೀಕರೇ. ಗಿರಾಕಿ ಇಲ್ಲದಾಗ ಕೂರಬಹುದು, ಕೂತು ಮಾಡಬಹುದಾದ ಕೆಲಸವನ್ನು ಕೂತೇ ಮಾಡಬಹುದು, ಇದಕ್ಕಾಗಿ ಸಂಬಳ ಮುರಿಯುವುದಿಲ್ಲ ಎಂದು ಮೂರು ಸಾಲು ಬರೆದು, ಗಿರಾಕಿಗಳಿಗೂ ಕಾಣುವಂತೆ ಗೋಡೆಗೆ ಹಚ್ಚಲಿ. ಬಾಯಿಮಾತಿನ ಒಪ್ಪಿಗೆ ಸೂಪರ್‌ವೈಸರ್ ಬದಲಾದ ದಿನ ಹೋಗುತ್ತದೆ.

ಕಾರ್ಮಿಕ ಇಲಾಖೆಯ ನಿರೀಕ್ಷಕರಲ್ಲಿ ಒಂದು ಬೇಡಿಕೆ ಇದೆ. ತಪಾಸಣೆಗೆ ಸೋಮವಾರ ಬೆಳಿಗ್ಗೆ ಹೋಗಿ ಸ್ಟೂಲುಗಳನ್ನು ಎಣಿಸಿ ಬರಬೇಡಿ. ಮದುವೆ ಸೀಸನ್ನಿನ ಶನಿವಾರ ಸಂಜೆ ಏಳು ಗಂಟೆಗೆ ಹೋಗಿ, ಸೀರೆ ವಿಭಾಗದಲ್ಲಿ ಹತ್ತು ನಿಮಿಷ ನಿಂತು, ಸ್ಟೂಲಿನ ಮೇಲೆ ಇರುವುದು ಯಾರು, ಏನು ಎಂದು ನೋಡಿ.