ಹೋರಿ ಸಾಕಿದ ಕೈಗೆ ರೇಸ್ ಕುದುರೆ

ಹಾವೇರಿ ಸೀಮೆಯಲ್ಲಿ ಹೋರಿ ಹಬ್ಬಕ್ಕೆ ಹೋರಿ ತಯಾರು ಮಾಡಿದ ಹುಡುಗರು ರೇಸ್ ಕುದುರೆಯ ಟ್ರೇನರ್ ಆಗುವ ದಾರಿ ಕೇಳುವುದುಂಟು. ಪ್ರಾಣಿಯ ಮಗ್ಗುಲಲ್ಲಿ ಅಂಜದೆ ನಿಲ್ಲುವುದು ಅವರಿಗೆ ಬಂದಿರುತ್ತದೆ, ಅದು ದೊಡ್ಡ ಬಂಡವಾಳ. ಮೇವಿನ ವಿಷಯದಲ್ಲಿ ಮಾತ್ರ ಹೊಸದಾಗಿ ಕಲಿಯಬೇಕು.

ಹೋರಿ ಮೆಲುಕು ಹಾಕುತ್ತದೆ, ಕುದುರೆ ಹಾಕುವುದಿಲ್ಲ. 500 ಕಿಲೋ ತೂಗುವ ಕುದುರೆಯ ಜಠರ ಹಿಡಿಯುವುದು 8ರಿಂದ 15 ಲೀಟರ್ ಅಷ್ಟೇ. ವಾಂತಿ ಮಾಡಲೂ ಅದಕ್ಕೆ ಆಗದು. ಒಂದೇ ಹೊತ್ತಿಗೆ ಬುಟ್ಟಿಗಟ್ಟಲೆ ಕಾಳು ಸುರಿದರೆ ಅರಗದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ. ಹೊಟ್ಟೆನೋವು ಶುರುವಾಗುತ್ತದೆ, ಅದರ ಬೆನ್ನಿಗೇ ಗೊರಸಿನೊಳಗೆ ಉರಿಯೂತ. ದಿನಕ್ಕೆ 6 ಕಿಲೋ ಕಾಳು ಕೊಡುವುದಿದ್ದರೆ ಮೂರು ನಾಲ್ಕು ಹೊತ್ತಿಗೆ ಹಂಚಿ, ಒಂದು ಹೊತ್ತಿಗೆ 2 ಕಿಲೋ ದಾಟಬಾರದು. ಒಣಹುಲ್ಲು, ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು (ಲೂಸರ್ನ್) ಸೇರಿ ಒಣತೂಕದಲ್ಲಿ 7 ಕಿಲೋ ಆದರೂ ಬೇಕು. ದನದ, ಕೋಳಿಯ ಸಿದ್ಧ ಆಹಾರ ಲಾಯದ ಹತ್ತಿರವೂ ಬೇಡ: ಕೆಲವದರಲ್ಲಿ ಸೇರಿಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯಕ್ಕೆ ವಿಷ.

ಓಡಿಸದ ದಿನ ಕಾಳು ಅರ್ಧಕ್ಕೆ ಇಳಿಸಿ. ಪೂರ್ತಿ ಕೊಟ್ಟು ಮರುದಿನ ಓಡಿಸಿದರೆ ಹಿಂಗಾಲಿನ ಸ್ನಾಯು ಸೆಟೆದು, ಮೈ ಬೆವತು, ಕಾಫಿ ಬಣ್ಣದ ಮೂತ್ರ ಬರಬಹುದು. ಆಗ ಒಂದು ಹೆಜ್ಜೆಯೂ ನಡೆಸದೆ ನಿಂತಲ್ಲೇ ನಿಲ್ಲಿಸಿ ವೈದ್ಯರನ್ನು ಕರೆಸಬೇಕು.

ಬೆಳಗಿನ ಮೊದಲ ಕೆಲಸ ಕಾಲು ನೋಡುವುದು. ಮುಂಗಾಲಿನ ಹಿಂಭಾಗದಲ್ಲಿ ಮಂಡಿಯಿಂದ ಕೆಳಗಿನ ಗಿಣ್ಣಿನವರೆಗೆ ಅಂಗೈ ಇಳಿಸಿ, ಎರಡೂ ಕಾಲು ಹೋಲಿಸಿ. ಆಮೇಲೆ ಕಾಲೆತ್ತಿ ಹೆಬ್ಬೆರಳು, ತೋರುಬೆರಳ ನಡುವೆ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ) ಒತ್ತಿ. ಒಂದು ಕಡೆ ಬಿಸಿ ಹತ್ತಿದರೆ, ಒತ್ತಿದಾಗ ಕಾಲು ಎಳೆದುಕೊಂಡರೆ ಅಂದು ಓಟವಿಲ್ಲ. ಕುದುರೆ ಕುಂಟುತ್ತಿಲ್ಲವಲ್ಲ ಎಂದು ಓಡಿಸುವುದು ಅನ್ಯಾಯ. ರಜ್ಜು ಹರಿದರೆ ಕೂಡಲು ಒಂಬತ್ತು ತಿಂಗಳು, ವರ್ಷವೇ ಹಿಡಿಯುತ್ತದೆ.

ಕರ್ನಾಟಕದ ರೇಸ್‌ಕೋರ್ಸ್‌ಗಳಿರುವುದು ಬೆಂಗಳೂರು, ಮೈಸೂರಿನಲ್ಲಿ, ಊರು ಬಿಡಲೇಬೇಕು. ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಆಗಿ ಲಾಯಕ್ಕೆ ಸೇರಿ, ಸವಾರಿ ಕಲಿತು, ಸಹಾಯಕ ಟ್ರೇನರ್ ಆಗಿ ಪಳಗಿದ ಮೇಲೆ ರೇಸ್ ಕ್ಲಬ್ಬಿನ ಟ್ರೇನರ್ ಲೈಸೆನ್ಸ್‌ಗೆ ಅರ್ಜಿ. ಗದಗದಲ್ಲಿ ಪಶುವೈದ್ಯಕೀಯ ಓದುವವರಿಗೂ ಲಾಯದ ಅನುಭವಕ್ಕೆ ಬದಲಿಯಿಲ್ಲ.

ಲೈಸೆನ್ಸ್ ಬಂದಮೇಲೆ ಕುದುರೆಯ ಮೂತ್ರದಲ್ಲಿ ನಿಷೇಧಿತ ವಸ್ತು ಸಿಕ್ಕರೆ, ಯಾರೇ ಕೊಟ್ಟಿರಲಿ, ಉತ್ತರ ಹೇಳಬೇಕಾದವರು ಟ್ರೇನರ್. ಕೆಫೀನ್ ಕೂಡ ನಿಷಿದ್ಧ, ಹಾಗಾಗಿ ಚಹಾದ ಲೋಟ ಗೋದಲಿಯ ಬಳಿ ಇಡಲು ಬಿಡಬೇಡಿ. ಕೊಟ್ಟ ಪ್ರತಿ ಔಷಧದ ಹೆಸರು, ಪ್ರಮಾಣ, ಹೊತ್ತು, ಕೊಟ್ಟವರ ಸಹಿ ಅಂದಂದೇ ಪುಸ್ತಕಕ್ಕೆ ಏರಲಿ.