ಔಷಧ ಮರುನಿಯೋಜನೆ: ದಮ್ಮಿನ ಮಾತ್ರೆಗೆ ಮರೆವಿನ ಡ್ಯೂಟಿ

ಹೋದ ಮಳೆಗಾಲದ ಒಂದು ಸಂಜೆ. ಉಡುಪಿಯ ನಮ್ಮ ಮೆಡಿಕಲ್ ಶಾಪಿಗೆ ಪರಿಚಯದ ಅಕ್ಕ ಒಬ್ಬರು ಬಂದರು. ಕೊಡೆ ಮಡಚಿ ಬಾಗಿಲ ಬದಿಗೆ ಒರಗಿಸಿದರು. ಅವರು ಪ್ರತಿ ತಿಂಗಳು ಅಮ್ಮನ ಮಾತ್ರೆಗೆ ಬರುವವರು. ಆವತ್ತು ಚೀಟಿ ಕೊಡುವ ಮೊದಲು ಮೊಬೈಲ್ ಮುಂದೆ ಹಿಡಿದರು.

"ಇದು ನಿಮ್ಮಲ್ಲಿ ಉಂಟಾ ಅಣ್ಣ? ಅಮ್ಮನಿಗೆ ಕೊಟ್ಟು ನೋಡುವ ಅಂತ."

ವಾಟ್ಸಾಪಿನಲ್ಲಿ ಬಂದ ಸುದ್ದಿ. ದಮ್ಮಿನ ಮಾತ್ರೆಯಿಂದ ಮರೆವಿನ ಕಾಯಿಲೆ ವಾಸಿಯಾಗುತ್ತದೆ ಎನ್ನುವ ಹಾಗೆ ತಲೆಬರಹ. ಕೆಳಗೆ ಮಾಂಟೆಲುಕಾಸ್ಟ್ ಎಂಬ ಹೆಸರು. ನಮ್ಮಲ್ಲಿ ಇಲ್ಲದೆ ಉಂಟಾ? ಗೋಡೆಗೆಲ್ಲ ಬೂಸ್ಟು ಹಿಡಿಯುವ ಆಟಿ ತಿಂಗಳಲ್ಲಿ ಸೀನು, ದಮ್ಮು ಎಂದು ಬರುವವರ ಚೀಟಿಯಲ್ಲಿ ಇದೇ ಜಾಸ್ತಿ.

"ಇದನ್ನು ಮರೆವಿಗೆ ಅಂತ ಕೊಡ್ಲಿಕ್ಕೆ ಆಗುದಿಲ್ಲ ಅಕ್ಕ" ಎಂದೆ.

"ಹಾಗಾದ್ರೆ ಸುಳ್ಳಾ?"

"ಸುಳ್ಳಲ್ಲ. ಇಲಿಯ ಮಟ್ಟಿಗೆ ನಿಜ."

ಅವರಿಗೆ ನಗು ಬಂತು. ಸಮಾಧಾನ ಆಗಲಿಲ್ಲ.

ಆ ಸುದ್ದಿಯಲ್ಲಿ 'ಔಷಧ ಮರುಬಳಕೆ' ಎಂಬ ಪದ ಇತ್ತು. ಅರ್ಧ ಗೊಂದಲ ಶುರುವಾಗುವುದೇ ಅಲ್ಲಿಂದ. ಮರುಬಳಕೆ ಅಂದರೆ ನಮ್ಮ ತಲೆಗೆ ಬರುವುದು ಐಸ್‌ಕ್ರೀಮ್ ಡಬ್ಬದಲ್ಲಿ ಸಾಸಿವೆ ತುಂಬಿಸಿಡುವ ಕೆಲಸ. ಡಬ್ಬ ಕೈಯಲ್ಲೇ ಇದೆ, ತೊಳೆದರೆ ಆಯಿತು. ಔಷಧದಲ್ಲಿ ಅಷ್ಟು ಸಲೀಸಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಡ್ರಗ್ ರಿಪರ್ಪಸಿಂಗ್ ಎನ್ನುತ್ತಾರೆ, ರಿಪೊಸಿಷನಿಂಗ್ ಎಂದೂ ಉಂಟು. ಒಂದು ಕಾಯಿಲೆಗೆ ಒಪ್ಪಿಗೆ ಪಡೆದ ಔಷಧವೋ, ಒಂದು ಕಾಯಿಲೆಗೆಂದು ತಯಾರಾಗಿ ಅರ್ಧದಲ್ಲಿ ನಿಂತುಹೋದ ಔಷಧವೋ, ಬೇರೊಂದು ಕಾಯಿಲೆಗೆ ಆಗುತ್ತದಾ ಎಂದು ಪರೀಕ್ಷೆ ಮಾಡಿ ನೋಡುವುದು.

ನನ್ನನ್ನು ಕೇಳಿದರೆ ಕನ್ನಡದಲ್ಲಿ 'ಮರುನಿಯೋಜನೆ' ಸರಿಯಾದೀತು. ಶಾಲೆಯ ಟೀಚರನ್ನು ಚುನಾವಣೆ ಡ್ಯೂಟಿಗೆ ಹಾಕುತ್ತಾರಲ್ಲ, ಹಾಗೆ. ಅವರು ಯಾರು, ಸರ್ವಿಸ್ ಎಷ್ಟು, ನಡತೆ ಹೇಗೆ ಎಂಬುದೆಲ್ಲ ಇಲಾಖೆಗೆ ಗೊತ್ತು. ಹೊಸ ನೇಮಕಾತಿ ಬೇಡ. ಆದರೆ ಮತಯಂತ್ರದ ತರಬೇತಿಗೆ ಹೋಗಲೇಬೇಕು. ಇಪ್ಪತ್ತು ವರ್ಷ ಗಣಿತ ಕಲಿಸಿದ್ದೇನೆ ಎಂದರೆ ತರಬೇತಿ ಮಾಫಿ ಆಗುವುದಿಲ್ಲ.

ಹಳೆ ಔಷಧಕ್ಕೂ ಹಾಗೆ ಒಂದು ಸರ್ವಿಸ್ ಬುಕ್ ಇರುತ್ತದೆ. ಎಷ್ಟು ಮಿಲಿಗ್ರಾಂ ತಡೆದುಕೊಳ್ಳಬಹುದು, ಯಾರಿಗೆ ಏನು ತೊಂದರೆ ಕೊಟ್ಟಿದೆ, ಯಾವುದರ ಜೊತೆ ಕೊಡಬಾರದು, ತಯಾರಿಸುವುದು ಹೇಗೆ, ಎಲ್ಲ ಅದರಲ್ಲಿದೆ. ಹೊಸ ಔಷಧವೊಂದು ಪ್ರಯೋಗಾಲಯದಿಂದ ನಮ್ಮ ಕಪಾಟಿಗೆ ಬರಲು ಸಾಮಾನ್ಯವಾಗಿ 10ರಿಂದ 15 ವರ್ಷ ಹಿಡಿಯುತ್ತದೆ. ಹಳತಾದರೆ ಮನುಷ್ಯರಿಗೆ ಕೊಡಬಹುದಾ ಎಂಬ ಮೊದಲ ಹಂತದ ಕೆಲಸ ಬಹುಪಾಲು ಮುಗಿದಿರುತ್ತದೆ. ಉಳಿಯುವ ಪ್ರಶ್ನೆ ಒಂದೇ, ಆದರೆ ದೊಡ್ಡದು: ಈ ಹೊಸ ಕಾಯಿಲೆಗೆ ಇದು ನಾಟುತ್ತದಾ?

ಕೆಲವು ಸಲ ನಾಟಿದೆ. ಆಲ್ಜೈಮರ್ ಎಂಬ ಮರೆವಿನ ಕಾಯಿಲೆಗೆ ಈಗ ಕೊಡುವ ಮೆಮಂಟೈನ್ ಮಾತ್ರೆಯನ್ನೇ ನೋಡಿ. 1960ರ ದಶಕದಲ್ಲಿ ಎಲಿ ಲಿಲ್ಲಿ ಕಂಪನಿ ಅದನ್ನು ತಯಾರಿಸಿದ್ದು ಸಕ್ಕರೆ ಕಾಯಿಲೆಗೆ. ಸಕ್ಕರೆ ಇಳಿಯಲಿಲ್ಲ. ಮಿದುಳಿನ ಮೇಲೆ ಅದರ ಕೆಲಸ ಆಮೇಲೆ ಗೊತ್ತಾಯಿತು. 2003ರಲ್ಲಿ ಅಮೆರಿಕದಲ್ಲಿ ಆಲ್ಜೈಮರ್‌ಗೆ ಒಪ್ಪಿಗೆ ಸಿಕ್ಕಿತು. ಗ್ಯಾಲಂಟಮೈನ್‌ನದ್ದು ಇನ್ನೊಂದು ದಾರಿ. ಹಿಮದ ನಾಡಿನ ಒಂದು ಸಣ್ಣ ಬಿಳಿ ಹೂವಿನ ಗಿಡದಿಂದ ಬಂದ ಔಷಧ. ಬಲ್ಗೇರಿಯಾದಲ್ಲಿ ಪೋಲಿಯೊ ಬಂದು ಕೈಕಾಲು ಸೋತವರಿಗೆ ಕೊಡುತ್ತಿದ್ದರು. 2001ರಲ್ಲಿ ಅದೂ ಆಲ್ಜೈಮರ್ ಸಾಲಿಗೆ ಬಂತು. ಈ ಎರಡು ಔಷಧಗಳೂ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಲಕ್ಷಣಗಳನ್ನು ಸ್ವಲ್ಪ ಕಾಲ ಹಿಡಿದು ನಿಲ್ಲಿಸುತ್ತವೆ, ಅಷ್ಟೆ.

ಅದೆಲ್ಲ ಸರಿ, ದಮ್ಮಿಗೂ ಮರೆವಿಗೂ ಎಂತ ಸಂಬಂಧ? ಎದೆ ಎಲ್ಲಿ, ತಲೆ ಎಲ್ಲಿ!

ಸಂಬಂಧ ಇರುವುದು ಉರಿಯೂತದಲ್ಲಿ. ಧೂಳೋ ಬೂಸ್ಟೋ ಒಗ್ಗದವರ ಮೂಗಿಗೆ ಹೋದಾಗ ದೇಹದ ರಕ್ಷಣಾ ಕಣಗಳು ಲ್ಯೂಕೋಟ್ರೈನ್ ಎಂಬ ರಾಸಾಯನಿಕ ಬಿಡುತ್ತವೆ. ಅದು ಉಸಿರಿನ ಕೊಳವೆಯಲ್ಲಿ ತನ್ನ ಜಾಗದಲ್ಲಿ ಹೋಗಿ ಕೂತರೆ ಕೊಳವೆ ಬಿಗಿಯುತ್ತದೆ, ಊದುತ್ತದೆ, ಗುಂಯ್ ಗುಂಯ್ ಶುರು. ಮಾಂಟೆಲುಕಾಸ್ಟ್ ಮೊದಲೇ ಹೋಗಿ ಆ ಜಾಗ ಹಿಡಿದುಕೊಳ್ಳುತ್ತದೆ. ಬಸ್ಸಿನ ಕಿಟಕಿಯಿಂದ ಬೈರಾಸು ಹಾಕಿ ಸೀಟು ಹಿಡಿದ ಹಾಗೆ. ವಯಸ್ಸಾದ ಮಿದುಳಿನಲ್ಲೂ ಸಣ್ಣ ಉರಿಯೂತ ಇರುತ್ತದೆ, ಅಲ್ಲೂ ಲ್ಯೂಕೋಟ್ರೈನ್‌ನ ಕೈವಾಡ ಕಂಡಿದೆ. ಹಾಗಾದರೆ ಅಲ್ಲೂ ಬೈರಾಸು ಹಾಕಿದರೆ?

2015ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಲುಡ್ವಿಗ್ ಐಗ್ನರ್ ಅವರ ತಂಡ ಇದನ್ನೇ ಮಾಡಿ ನೋಡಿತು. 20 ತಿಂಗಳ ಇಲಿಗಳು, ಅಂದರೆ ಇಲಿ ಲೆಕ್ಕದಲ್ಲಿ ಅಜ್ಜ ಅಜ್ಜಿಯರು. ದಿನಾ ಮಾಂಟೆಲುಕಾಸ್ಟ್, 6 ವಾರ. ಆಮೇಲೆ ನೀರಿನ ತೊಟ್ಟಿಗೆ ಬಿಟ್ಟರು. ನೀರಿನ ಅಡಿಯಲ್ಲಿ ಕಾಣದ ಹಾಗೆ ಒಂದು ಕಟ್ಟೆ. ಅದು ಎಲ್ಲಿದೆ ಎಂದು ನೆನಪಿಟ್ಟು ಈಜಿ ಹೋಗಿ ಹತ್ತಬೇಕು. ಔಷಧ ತಿಂದ ಮುದಿ ಇಲಿಗಳು ತಿನ್ನದವಕ್ಕಿಂತ ಚೆನ್ನಾಗಿ ದಾರಿ ಕಲಿತವು. ಸುದ್ದಿಯಾಗುವಂಥದ್ದೇ. ಆದರೆ ಆ ಇಲಿಗಳಿಗೆ ಆಲ್ಜೈಮರ್ ಇರಲೇ ಇಲ್ಲ. ಅವು ಸುಮ್ನೆ ಮುದಿ ಇಲಿಗಳು. ವಾಟ್ಸಾಪಿಗೆ ಬರುವಷ್ಟರಲ್ಲಿ ಈ ಒಂದು ವಾಕ್ಯ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿರುತ್ತದೆ.

ಮಾಂಟೆಲುಕಾಸ್ಟ್ ಒಂದೇ ಅಲ್ಲ. ಜೈಲ್ಯೂಟಾನ್ ಎಂಬ ಇನ್ನೊಂದು ದಮ್ಮಿನ ಔಷಧವನ್ನು ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದವರು ಆಲ್ಜೈಮರ್ ತರಹದ ತೊಂದರೆ ಬರುವಂತೆ ಬೆಳೆಸಿದ ಚಿಟ್ಟಿಲಿಗಳಿಗೆ ಕೊಟ್ಟರು. 2018ರ ವರದಿಯ ಪ್ರಕಾರ ಅವುಗಳ ನೆನಪಿನ ಶಕ್ತಿ ಸುಧಾರಿಸಿತು. 2020ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಸಾಲ್ಬುಟಮಾಲ್ ಹಿಡಿದರು, ನಮ್ಮ ನೀಲಿ ಇನ್ಹೇಲರಿನಲ್ಲಿ ಇರುವುದೇ. ಆಲ್ಜೈಮರ್ ಮಿದುಳಿನಲ್ಲಿ ಗಂಟು ಕಟ್ಟುವ ಟೌ ಎಂಬ ಪ್ರೊಟೀನು ಎಳೆಯಾಗುವುದನ್ನು ಅದು ಕಮ್ಮಿ ಮಾಡಿತು. ಎಲ್ಲಿ? ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ. ಇನ್ಹೇಲರಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ, ಅದೂ ಎದೆಗೆಂದು ಅಳೆದ ಡೋಸು. ಮಿದುಳಿಗೆ ಹೋಗಬೇಕಾದರೆ ರಕ್ತಕ್ಕೂ ಮಿದುಳಿಗೂ ನಡುವೆ ಇರುವ ಬಿಗಿ ತಡೆ ದಾಟಬೇಕು. ಅಲ್ಲಿ ಎಲ್ಲರಿಗೂ ಗೇಟು ತೆರೆಯುವುದಿಲ್ಲ.

ಇಲಿ, ಗಾಜಿನ ಕೊಳವೆ ಬಿಡಿ, ಮನುಷ್ಯರಲ್ಲಿ ನಾಟಿದ ಹಾಗೆ ಕಂಡದ್ದೂ ಕೈಕೊಟ್ಟಿದೆ. ಡೈಮೆಬಾನ್ ಎಂಬುದು ರಷ್ಯಾದಲ್ಲಿ ಅಲರ್ಜಿಗೆ ಕೊಡುತ್ತಿದ್ದ ಹಳೆ ಮಾತ್ರೆ. ಅಲ್ಲಿನ 183 ಆಲ್ಜೈಮರ್ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಒಳ್ಳೆ ಫಲ ಸಿಕ್ಕಿತು ಎಂದು 2008ರಲ್ಲಿ ಪ್ರಕಟವಾಯಿತು. ದೊಡ್ಡ ಕಂಪನಿ ಕೈಜೋಡಿಸಿತು. 2010ರಲ್ಲಿ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು: ಔಷಧವೇ ಇಲ್ಲದ ಹುಸಿ ಗುಳಿಗೆ ಕೊಟ್ಟದ್ದಕ್ಕೂ ಇದನ್ನು ಕೊಟ್ಟದ್ದಕ್ಕೂ ವ್ಯತ್ಯಾಸವೇ ಇಲ್ಲ. ಅಲ್ಲಿಗೆ ಮುಗಿಯಿತು.

ಮಾಂಟೆಲುಕಾಸ್ಟ್‌ನ ಸರ್ವಿಸ್ ಬುಕ್ಕಿನಲ್ಲಿ ಕೆಂಪು ಶಾಯಿಯ ಗೆರೆಯೂ ಒಂದಿದೆ. 2020ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದರ ಮಾಹಿತಿ ಪತ್ರದಲ್ಲಿ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಕೆಲವರಿಗೆ ಕೆಟ್ಟ ಕನಸು, ಸಿಡುಕು, ಖಿನ್ನತೆ, ಸಾಯುವ ಯೋಚನೆ ಬರಬಹುದು ಎಂದು. ದಮ್ಮು ಇದ್ದವರಿಗೆ ವೈದ್ಯರು ಲಾಭ ನಷ್ಟ ತೂಗಿ ಕೊಡುತ್ತಾರೆ. ಮೊದಲೇ ಮನಸ್ಸು ಹಿಡಿತದಲ್ಲಿ ಇಲ್ಲದ ಹಿರಿಯರಿಗೆ ಆ ತಕ್ಕಡಿ ಬೇರೆಯೇ ಅಲ್ವಾ?

ಇನ್ನೊಂದು, ಕೌಂಟರಿನ ಹಿಂದೆ ನಿಂತವರಿಗೆ ಮಾತ್ರ ಕಾಣುವ ತಾಪತ್ರಯ. ನಮ್ಮಲ್ಲಿ ಜಾಸ್ತಿ ಹೋಗುವುದು ಬರೀ ಮಾಂಟೆಲುಕಾಸ್ಟ್ ಅಲ್ಲ. ಹೆಸರಿನ ಕೊನೆಗೆ 'ಎಲ್‌ಸಿ' ಎಂದಿರುವ ಜೋಡಿ ಮಾತ್ರೆ. ಆ ಎಲ್‌ಸಿ ಅಂದರೆ ಲೆವೊಸೆಟಿರಿಜಿನ್, ಅಲರ್ಜಿಯದ್ದು, ಮಂಪರು ತರಿಸುವಂಥದ್ದು. ರಾತ್ರಿ ಬಚ್ಚಲಿನ ದಾರಿ ತಪ್ಪುವ ಅಮ್ಮನಿಗೆ ಮೇಲಿಂದ ಮಂಪರು ಕೊಟ್ಟರೆ ಆಗುವುದು ಏನು? ಸುದ್ದಿ ಓದಿ ಬರುವವರು ಕೇಳುವುದು "ಆ ಮಾಂಟೆ ಏನೋ ಉಂಟಲ್ಲ, ಅದು" ಎಂದೇ.

ಕಾನೂನೂ ಇದನ್ನು ಸುಮ್ನೆ ಬಿಟ್ಟಿಲ್ಲ. ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮದಲ್ಲಿ, ಒಪ್ಪಿಗೆ ಪಡೆದ ಔಷಧವನ್ನು ಹೊಸ ಕಾಯಿಲೆಗೆ ಎಂದು ಮಾರಬೇಕಾದರೆ ಅದೂ 'ಹೊಸ ಔಷಧ'ವೇ. ಮತ್ತೆ ಒಪ್ಪಿಗೆ ಬೇಕು. ಒಬ್ಬ ವೈದ್ಯರು ತಮ್ಮ ತಿಳಿವಳಿಕೆಯ ಮೇಲೆ ಒಬ್ಬ ರೋಗಿಗೆ ಲೇಬಲ್‌ನಲ್ಲಿ ಇಲ್ಲದ ಕಾರಣಕ್ಕೆ ಮಾತ್ರೆ ಬರೆಯುವುದು ಬೇರೆ ಸಂಗತಿ, ಅದನ್ನು ಆಫ್ ಲೇಬಲ್ ಎನ್ನುತ್ತಾರೆ. ಮರುನಿಯೋಜನೆ ಪೂರ್ತಿಯಾಗುವುದು ಒಪ್ಪಿಗೆಯ ಆರ್ಡರು ಕೈಗೆ ಬಂದ ಮೇಲೆ.

ಆರ್ಡರು ಬರಲು ತಡ ಯಾಕೆ ಅಂದರೆ, ಒಂದು ಕಾರಣ ದುಡ್ಡು. ಮಾಂಟೆಲುಕಾಸ್ಟ್‌ನ ಅಮೆರಿಕದ ಪೇಟೆಂಟ್ 2012ರಲ್ಲೇ ಮುಗಿದಿದೆ. ಈಗ ಯಾರು ಬೇಕಾದರೂ ತಯಾರಿಸಬಹುದು. ಸಾವಿರಾರು ಜನರ ಮೇಲೆ ವರ್ಷಗಟ್ಟಲೆ ಪರೀಕ್ಷೆ ಮಾಡಿ ಒಂದು ಕಂಪನಿ ಕೈ ಸುಟ್ಟುಕೊಂಡರೆ, ಲಾಭ ಊರಿಗೆಲ್ಲ. ಕೆನಡಾದ ಒಂದು ಕಂಪನಿ ಅದನ್ನೇ ಕೆನ್ನೆಯ ಒಳಬದಿಗೆ ಅಂಟಿಸುವ ತೆಳು ಪದರವಾಗಿ ಮಾಡಿ ಆಲ್ಜೈಮರ್ ರೋಗಿಗಳ ಪರೀಕ್ಷೆಗೆ ಇಳಿಸಿದ್ದು ಇದೇ ಲೆಕ್ಕಾಚಾರದಲ್ಲಿ ಇರಬೇಕು. ಔಷಧ ಹಳತು, ರೂಪ ಹೊಸತು, ಹಕ್ಕು ತಮ್ಮದು.

ಇಷ್ಟನ್ನೂ ಆ ಅಕ್ಕನಿಗೆ ಹೇಳಲಿಲ್ಲ, ಹಿಂದೆ ಇನ್ನೂ ಮೂರು ಜನ ನಿಂತಿದ್ದರು. ಅವರ ಚೀಟಿಯಲ್ಲಿ ಇದ್ದ ಮೆಮಂಟೈನ್ ಸ್ಟ್ರಿಪ್ಪು ತೆಗೆದು ತೋರಿಸಿದೆ. "ಇದು ಮೊದಲು ಶುಗರಿಗೆ ಅಂತ ಮಾಡಿದ್ದು."

ಅವರು ಸ್ಟ್ರಿಪ್ಪನ್ನು ಆಚೆ ಈಚೆ ತಿರುಗಿಸಿ ನೋಡಿದರು. "ಅಮ್ಮನಿಗೆ ಶುಗರ್ ಸಹ ಉಂಟಲ್ಲ. ಹಾಗಾದ್ರೆ ಅದರ ಮಾತ್ರೆ ಬೇರೆ ಬೇಡ್ವಾ?"

"ಬೇಕು ಅಕ್ಕ. ಇದು ಅಲ್ಲಿ ಫೇಲ್ ಆಗಿಯೇ ಇಲ್ಲಿಗೆ ಬಂದದ್ದು."