ಬ್ಯಾಲೆನ್ಸ್: ಬಿಯರ್‌ಗೂ ಒಂದು ಹದ ಇದೆ

ಒಳ್ಳೆಯ ಬಿಯರ್ ಬಗ್ಗೆ ಯಾರು ಮಾತಾಡಿದರೂ ಒಂದಲ್ಲ ಒಂದು ಹೊತ್ತಿಗೆ ಈ ಪದ ಬಂದೇ ಬರುತ್ತದೆ: ಬ್ಯಾಲೆನ್ಸ್. ‘ಇದರ ಬ್ಯಾಲೆನ್ಸ್ ಚೆನ್ನಾಗಿದೆ’, ‘ಅದರ ಬ್ಯಾಲೆನ್ಸ್ ತಪ್ಪಿದೆ’. ಹೇಳಿದವರು ತಲೆಯಾಡಿಸುತ್ತಾರೆ, ಕೇಳಿದವರೂ ತಲೆಯಾಡಿಸುತ್ತಾರೆ. ಯಾವುದರ ಜೊತೆ ಯಾವುದು ಬ್ಯಾಲೆನ್ಸ್ ಆಗಿದೆ ಅಂತ ಕೇಳಿ ನೋಡಿ, ಇಬ್ಬರೂ ಸುಮ್ನೆ ಲೋಟದ ಕಡೆ ನೋಡುತ್ತಾರೆ.

ನಿಘಂಟು ತೆರೆದರೆ ‘ಸಮತೋಲನ’ ಅಂತ ಸಿಗುತ್ತದೆ. ಕೇಳಿದ ಕೂಡಲೇ ತಕ್ಕಡಿ ಕಣ್ಣಿಗೆ ಬರುತ್ತದೆ. ಈ ತಟ್ಟೆಯಲ್ಲಿ ಇಷ್ಟು, ಆ ತಟ್ಟೆಯಲ್ಲೂ ಅಷ್ಟೇ, ಮುಳ್ಳು ನಟ್ಟನಡುವೆ. ಬಿಯರ್ ವಿಷಯದಲ್ಲಿ ಈ ಚಿತ್ರ ದಾರಿ ತಪ್ಪಿಸುತ್ತದೆ. ನನಗೆ ಇದಕ್ಕೆ ಹತ್ತಿರ ಅನಿಸುವ ಪದ ‘ಹದ’. ಮಣ್ಣಿಗೆ ಒಂದು ಹದ, ಪಾಕಕ್ಕೆ ಇನ್ನೊಂದು ಹದ. ಕತ್ತಿಗೆ ಹದ ಅಂದರೆ ಹರಿತ. ಯಾವುದಕ್ಕೆ ಹೇಗಿದ್ದರೆ ಚೆನ್ನವೋ ಹಾಗಿರುವುದೇ ಹದ. ನಡುವೆ ನಿಲ್ಲಬೇಕು ಅಂತೇನೂ ಇಲ್ಲ.

ಮೊದಲು ಎರಡು ತುದಿಗಳನ್ನು ನೋಡೋಣ. ಬಿಯರ್ ಮಾಡಲು ಬೇಕಾದದ್ದು ನಾಲ್ಕು: ನೀರು, ಮಾಲ್ಟ್, ಹಾಪ್ಸ್, ಮತ್ತೆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಸೂಕ್ಷ್ಮಜೀವಿ ಯೀಸ್ಟ್. ಬವೇರಿಯಾದ 1516ರ ಹೆಸರಾಂತ ಕಟ್ಟಳೆಯಲ್ಲಿ ಇದ್ದದ್ದು ಮೂರೇ, ಬಾರ್ಲಿ, ಹಾಪ್ಸ್ ಮತ್ತು ನೀರು. ಯೀಸ್ಟ್ ಹೆಸರೇ ಅದರಲ್ಲಿಲ್ಲ. ಸಿಹಿ ಬರುವುದು ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ. ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹಸಿರು ಹೂವಿನಿಂದ.

ಮಾಲ್ಟ್ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿದಾಗ ಅದರಲ್ಲಿರುವ ಎಂಜೈಮ್‌ಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಬ್ಯಾಲೆನ್ಸ್‌ನ ಕತೆ ಇಲ್ಲಿಂದಲೇ ಶುರು. ನೀರಿನ ಬಿಸಿ 62ರಿಂದ 65 ಡಿಗ್ರಿ ಸೆಲ್ಸಿಯಸ್ ಇದ್ದರೆ ಯೀಸ್ಟ್ ಸಲೀಸಾಗಿ ತಿಂದು ಮುಗಿಸುವಂಥ ಸಕ್ಕರೆ ಜಾಸ್ತಿ ಆಗುತ್ತದೆ. ಬಿಯರ್ ತೆಳ್ಳಗೆ, ಒಣಕಲಾಗಿ ಬರುತ್ತದೆ. 68, 70ಕ್ಕೆ ಏರಿಸಿದರೆ ಯೀಸ್ಟ್‌ಗೆ ಜಗ್ಗದ ದೊಡ್ಡ ತುಣುಕುಗಳು ಉಳಿದುಕೊಳ್ಳುತ್ತವೆ. ಅವು ಅಷ್ಟೇನೂ ಸಿಹಿಯಲ್ಲ, ಆದರೆ ಬಿಯರ್‌ಗೆ ಮೈ ಕೊಡುತ್ತವೆ, ಬಾಯಿ ತುಂಬಿದ ಹಾಗೆ ಅನಿಸುತ್ತದೆ. ಬರೀ ನಾಲ್ಕೈದು ಡಿಗ್ರಿ. ಅದೇ ಬಾರ್ಲಿ, ಅದೇ ನೀರು, ಬಿಯರ್ ಮಾತ್ರ ಬೇರೆ. ಬಿಯರ್ ಮಾಡುವವರು ಥರ್ಮಾಮೀಟರ್ ಬಿಟ್ಟು ಅಲ್ಲಾಡದೇ ಇರುವುದಕ್ಕೆ ಇದೇ ಕಾರಣ.

ಹಾಪ್ಸ್‌ದು ಇನ್ನೊಂದು ಥರ. ಅದರಲ್ಲಿ ಆಲ್ಫಾ ಆಸಿಡ್ ಅನ್ನುವ ಅಂಟು ಇರುತ್ತದೆ. ತಣ್ಣೀರಿಗೆ ಹಾಕಿದರೆ ಅದು ಸರಿಯಾಗಿ ಕರಗುವುದೂ ಇಲ್ಲ, ಅಂಥ ಕಹಿಯನ್ನು ಕೊಡುವುದೂ ಇಲ್ಲ. ಕುದಿಸಬೇಕು. ಕುದಿಯುತ್ತಾ ಕುದಿಯುತ್ತಾ ಅದರ ರೂಪ ಬದಲಾಗಿ ಕಹಿ ನೀರಿಗೆ ಇಳಿಯುತ್ತದೆ. ಆದರೆ ಕುದಿಸಿದಷ್ಟೂ ಹಾಪ್ಸ್‌ನ ಘಮ ಹಬೆಯ ಜೊತೆ ಹಾರಿಹೋಗುತ್ತದೆ. ಹಾಗಾಗಿ ಕಹಿಗೆ ಬೇಕಾದ ಹಾಪ್ಸ್ ಮೊದಲೇ ಬೀಳುತ್ತದೆ, ಒಂದು ಗಂಟೆಯೋ ಒಂದೂವರೆ ಗಂಟೆಯೋ ಕುದಿಯುತ್ತದೆ. ಘಮಕ್ಕೆ ಬೇಕಾದದ್ದು ಕೊನೆಗೆ. ಒಂದೇ ಹೂವು, ಹಾಕುವ ಹೊತ್ತು ನೋಡಿ ಎರಡು ಕೆಲಸ.

ಈ ಕಹಿಗೆ ಒಂದು ಅಳತೆ ಇದೆ, ಐಬಿಯು. ಹೆಚ್ಚುಕಡಿಮೆ ಒಂದು ಲೀಟರ್ ಬಿಯರ್‌ನಲ್ಲಿ ರೂಪ ಬದಲಾದ ಆ ಆಲ್ಫಾ ಆಸಿಡ್ ಒಂದು ಮಿಲಿಗ್ರಾಂ ಇದ್ದರೆ ಅದು 1 ಐಬಿಯು. ಗೋಧಿಯ ಹೆಫೆವೈಟ್ಸನ್ ಬಿಯರ್‌ಗಳಲ್ಲಿ ಸಾಮಾನ್ಯವಾಗಿ 8ರಿಂದ 15, ಅಮೆರಿಕದ ಐಪಿಎ (ಇಂಡಿಯಾ ಪೇಲ್ ಏಲ್) ಎಂಬ ಹಾಪ್ಸ್ ಜಾಸ್ತಿಯ ಬಿಯರ್‌ಗಳಲ್ಲಿ 40ರಿಂದ 70. ಒಂದು ಕಾಲದಲ್ಲಿ ನಾನು ಈ ನಂಬರ್ ನೋಡಿಯೇ ಬಾಟಲಿ ಆರಿಸುತ್ತಿದ್ದೆ. ಜಾಸ್ತಿ ಇದ್ದಷ್ಟೂ ಗಂಭೀರ ಬಿಯರ್ ಅಂತ ನಂಬಿಕೆ. ಮುಖ ಹಿಂಡಿಕೊಂಡು ಕುಡಿದು, ಪಕ್ಕದಲ್ಲಿದ್ದವರಿಗೆ ‘ಅದ್ಭುತ’ ಅಂತ ಹೇಳಿದ್ದೂ ಇದೆ. ಸುಳ್ಳು ಹೇಳಿದ್ದೆ ಅಂತಲ್ಲ, ನಾಲಿಗೆಗಿಂತ ಲೇಬಲ್ಲನ್ನು ಜಾಸ್ತಿ ನಂಬಿದ್ದೆ ಅಷ್ಟೇ.

ಐಬಿಯು ಕಹಿ ಎಷ್ಟಿದೆ ಅಂತ ಹೇಳುತ್ತದೆ, ಎಷ್ಟು ಅನಿಸುತ್ತದೆ ಅಂತ ಹೇಳುವುದಿಲ್ಲ. ಸಕ್ಕರೆ ಹಾಕದ ಕಾಫಿಯನ್ನು ಒಂದು ಗುಟುಕು ಕುಡಿದು, ಅದಕ್ಕೇ ಒಂದು ಚಮಚ ಸಕ್ಕರೆ ಹಾಕಿ ಮತ್ತೆ ಕುಡಿಯಿರಿ. ಕಾಫಿಯಲ್ಲಿದ್ದ ಕಹಿ ಎಲ್ಲೂ ಹೋಗಿಲ್ಲ, ನಾಲಿಗೆಗೆ ಕಾಣದ ಹಾಗೆ ಹಿಂದೆ ಸರಿದಿದೆ. ಬಿಯರ್‌ನಲ್ಲೂ ಹಾಗೇ. 60 ಐಬಿಯು ಇರುವ ಇಂಪೀರಿಯಲ್ ಸ್ಟೌಟ್ ಎಂಬ ಕಪ್ಪನೆಯ ಗಟ್ಟಿ ಬಿಯರ್ ಒಂದು ಸಿಹಿ ತಿಂಡಿಯ ಹಾಗೆ ಅನಿಸಬಹುದು, ಯಾಕೆಂದರೆ ಅದರ ಹಿಂದೆ ರಾಶಿ ಮಾಲ್ಟ್ ಇದೆ. ಅದೇ 60 ತೆಳ್ಳನೆಯ ಬಿಯರ್‌ನಲ್ಲಿದ್ದರೆ ಮಾತ್ರೆ ಕಡಿದ ಹಾಗೆ.

ಅದಕ್ಕೇ ಬಿಯರ್ ಮಾಡುವವರು ಎರಡನ್ನೂ ಒಟ್ಟಿಗೆ ನೋಡುತ್ತಾರೆ. ಯೀಸ್ಟ್ ಹಾಕುವ ಮುಂಚೆ ಸಿಹಿ ರಸದ ಸಾಂದ್ರತೆ ಅಳೆಯುತ್ತಾರೆ. ನೀರಿನದು 1.000 ಅಂತಿಟ್ಟುಕೊಂಡು, ಅದು 1.050 ಬಂದರೆ 50 ಅಂತ ಲೆಕ್ಕ. ಐಬಿಯು 25 ಇದ್ದರೆ, 25ನ್ನು 50ರಿಂದ ಭಾಗಿಸಿ 0.5. ಈ ಅಂಕಿ ಮೇಲೆ ಹೋದಷ್ಟೂ ಬಿಯರ್ ಕಹಿಯ ಕಡೆ ವಾಲುತ್ತದೆ, ಕೆಳಗಿಳಿದಷ್ಟೂ ಮಾಲ್ಟ್ ಕಡೆ. ಅಂದಾಜಿಗೆ ಒಳ್ಳೆಯ ಲೆಕ್ಕ. ಆದರೆ ಯೀಸ್ಟ್ ತಿಂದ ಮೇಲೆ ಸಿಹಿ ಎಷ್ಟು ಉಳಿಯಿತು ಅನ್ನುವುದು ಇದರಲ್ಲಿ ಬರುವುದಿಲ್ಲ. ಇದನ್ನೇ ನೆಚ್ಚಿ ಕೂತರೆ ಕೆಟ್ಟಿರಿ.

ಈಗ ನನ್ನ ಇಷ್ಟದ ಬಿಯರ್‌ಗೆ ಬರುತ್ತೇನೆ. ಪಿಲ್ಸ್ನರ್ ಉರ್ಕ್ವೆಲ್. ಬೊಹೇಮಿಯಾದ ಪಿಲ್ಸೆನ್ ಊರಿನದು, ಈಗ ಅದು ಚೆಕ್ ದೇಶದಲ್ಲಿದೆ. 1838ರಲ್ಲಿ ಆ ಊರಿನವರು ಕೆಟ್ಟುಹೋದ ಬಿಯರ್ ಪೀಪಾಯಿಗಳನ್ನು ಪುರಭವನದ ಮುಂದೆ ಬೀದಿಗೆ ಸುರಿದರಂತೆ. ಸಿಟ್ಟು ಅಷ್ಟಕ್ಕೇ ನಿಲ್ಲಲಿಲ್ಲ. ಹೊಸ ಬ್ರೂವರಿಯನ್ನೇ ಕಟ್ಟಿದರು. ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಬ್ರೂವರ್‌ನನ್ನು ಕರೆಸಿದರು. ಅವನು 1842ರ ಅಕ್ಟೋಬರ್‌ನಲ್ಲಿ ಮಾಡಿದ ಮೊದಲ ಬಿಯರ್ ಬಂಗಾರದ ಬಣ್ಣಕ್ಕಿತ್ತು. ಇವತ್ತು ಲೋಕದ ತುಂಬ ಸಿಗುವ ತಿಳಿ ಬಣ್ಣದ ಲಾಗರ್‌ಗಳಿಗೆಲ್ಲ (ಚಳಿಯಲ್ಲಿ ನಿಧಾನಕ್ಕೆ ಹುಳಿಸುವ ಬಿಯರ್‌ಗಳಿಗೆ) ಇದೇ ಮೂಲ. ಅವುಗಳಲ್ಲಿ ಎಷ್ಟೋ ಈ ಅಜ್ಜನ ಮುಖವನ್ನೇ ಮರೆತಿವೆ, ಆ ಮಾತು ಬೇರೆ.

ಇದರ ಐಬಿಯು ಸುಮಾರು 40. ತಿಳಿ ಲಾಗರ್‌ಗೆ ಇದು ಸಾಕಷ್ಟು ಜಾಸ್ತಿ. ಆಲ್ಕೋಹಾಲ್ ಶೇ. 4.4, ಅದು ಜಾಸ್ತಿಯೇನಲ್ಲ. ಲೆಕ್ಕ ಹಾಕಿದರೆ ಕಹಿ ಎದ್ದು ಬಡಿಯಬೇಕು. ಬಡಿಯುವುದಿಲ್ಲ. ಮೊದಲ ಗುಟುಕಿನಲ್ಲಿ ಸಿಗುವುದು ಆಗಷ್ಟೇ ಸುಟ್ಟ ಬ್ರೆಡ್ಡಿನ ಹೊರಪದರದ ರುಚಿ, ಹಿಂದೆಯೇ ಒಂದೆಳೆ ಜೇನು. ಅದು ಇನ್ನೇನು ಜಾಸ್ತಿ ಆಯಿತು ಅನ್ನುವಷ್ಟರಲ್ಲಿ ನಾಲಿಗೆಯ ಹಿಂಬದಿಯಿಂದ ಕಹಿ ಏಳುತ್ತದೆ. ಸಿಹಿಯನ್ನು ಒರೆಸಿಕೊಂಡು ಹೋಗುತ್ತದೆ. ಬಾಯಿ ಖಾಲಿ. ಮತ್ತೆ ಸಿಹಿ ಬೇಕು ಅನಿಸುತ್ತದೆ. ಇನ್ನೊಂದು ಗುಟುಕು.

ಇಲ್ಲಿ ಸಿಹಿಯೂ ಕಹಿಯೂ ಒಟ್ಟಿಗೆ ಬಂದು ಕೈಕುಲುಕಿ ನಿಲ್ಲಲಿಲ್ಲ, ಒಂದರ ಹಿಂದೆ ಒಂದು ಬಂದವು. ನನಗೆ ಬ್ಯಾಲೆನ್ಸ್ ಅಂದರೆ ಏನು ಅಂತ ಅರ್ಥವಾದದ್ದು ಈ ಬಿಯರ್‌ನಲ್ಲೇ. ಎರಡೂ ತಮ್ಮ ಪೂರ್ತಿ ದನಿಯಲ್ಲೇ ಮಾತಾಡುತ್ತವೆ, ಆದರೆ ಸರದಿ ತಪ್ಪುವುದಿಲ್ಲ.

ಇದರ ಹಿಂದೆ ಕೆಲಸ ಇದೆ. ಮಾಲ್ಟ್ ರಸದ ಒಂದು ಪಾಲನ್ನು ತೆಗೆದು ಕುದಿಸಿ ಮತ್ತೆ ಸೇರಿಸುತ್ತಾರೆ, ಅದೂ ಮೂರು ಸಲ. ಮಾಲ್ಟ್‌ನ ಆಳದ ರುಚಿ ಇದರಿಂದ ಬರುತ್ತದೆ ಅನ್ನುತ್ತಾರೆ. ಸಕ್ಕರೆಯನ್ನು ಯೀಸ್ಟ್‌ಗೆ ಪೂರ್ತಿ ತಿನ್ನಲು ಬಿಡದೆ ಸ್ವಲ್ಪ ಉಳಿಸುತ್ತಾರೆ. ಹಾಪ್ಸ್ ಅಲ್ಲಿಯದೇ ಆದ ಸಾಜ್, ಕಹಿಯಲ್ಲಿ ಒರಟಿಲ್ಲ. ಮತ್ತೆ ನೀರು. ಪಿಲ್ಸೆನ್‌ನ ನೀರು ಮೆದು, ಲವಣ ತೀರಾ ಕಡಿಮೆ. ಇಂಗ್ಲೆಂಡಿನ ಬರ್ಟನ್ ಊರಿನ ನೀರು ಇದಕ್ಕೆ ಪೂರ್ತಿ ಉಲ್ಟಾ, ಜಿಪ್ಸಮ್ ತುಂಬಿದ ಗಡಸು ನೀರು. ಸಲ್ಫೇಟ್ ಜಾಸ್ತಿ ಇದ್ದರೆ ಹಾಪ್ಸ್‌ನ ಕಹಿ ಚುರುಕಾಗುತ್ತದೆ. ಬರ್ಟನ್‌ನ ಪೇಲ್ ಏಲ್‌ಗಳು ಹೆಸರು ಮಾಡಿದ್ದೇ ಆ ಚುರುಕಿನಿಂದ.

ಇಷ್ಟು ಓದಿ ಬ್ಯಾಲೆನ್ಸ್ ಅಂದರೆ ಸಿಹಿ ಮತ್ತು ಕಹಿ, ಮುಗಿಯಿತು ಅಂದುಕೊಂಡರೆ ಹೆಫೆವೈಟ್ಸನ್ ಬಂದು ಅಡ್ಡ ನಿಲ್ಲುತ್ತದೆ. ಅದರಲ್ಲಿ ಕಹಿ ಇಲ್ಲವೇ ಇಲ್ಲ ಅನ್ನಬಹುದು. ಹಾಗಾದರೆ ಸಿಹಿಯನ್ನು ಹಿಡಿದು ನಿಲ್ಲಿಸುವುದು ಯಾರು? ಗ್ಯಾಸ್. ಈ ಬಿಯರ್‌ನಲ್ಲಿ ಗುಳ್ಳೆ ಬೇರೆಯವಕ್ಕಿಂತ ಜಾಸ್ತಿ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದಾಗ ಸಣ್ಣ ಹುಳಿ, ಸಣ್ಣ ಚುಚ್ಚು ಬರುತ್ತದೆ. ಅದೇ ನಾಲಿಗೆಯನ್ನು ತೊಳೆಯುತ್ತದೆ. ಜೊತೆಗೆ ಅದರ ಯೀಸ್ಟ್ ಬಾಳೆಹಣ್ಣಿನ ವಾಸನೆಯನ್ನೂ ಲವಂಗದ ಘಾಟನ್ನೂ ಕೊಡುತ್ತದೆ. ಬಾಳೆ ಒಂದೇ ಇದ್ದರೆ ಮಕ್ಕಳ ಚಾಕಲೇಟು, ಲವಂಗ ಒಂದೇ ಇದ್ದರೆ ಹಲ್ಲುನೋವಿನ ಔಷಧಿ. ಎರಡೂ ಸೇರಿದಾಗ ಹದ. ಇದೇ ಬಿಯರ್ ಗ್ಯಾಸ್ ಹೋಗಿ ಸಪ್ಪೆಯಾದ ಮೇಲೆ ಕುಡಿದು ನೋಡಿ, ಹಿಟ್ಟು ಕದಡಿದ ಸಿಹಿನೀರು.

ಐರ್ಲೆಂಡಿನ ಕಪ್ಪು ಬಿಯರ್ ಗಿನ್ನೆಸ್‌ದು ಇದರ ತಿರುಗಾಮುರುಗಾ. ಅದರ ಕಪ್ಪು, ಅದರ ಒಗರು ಬರುವುದು ಹುರಿದ ಬಾರ್ಲಿಯಿಂದ. ಆ ಒಗರಿನ ಮೇಲೆ ಗ್ಯಾಸಿನ ಚುಚ್ಚೂ ಸೇರಿದರೆ ಕಷ್ಟ. ಡ್ರಾಫ್ಟ್ ಗಿನ್ನೆಸ್‌ನಲ್ಲಿ ನೈಟ್ರೋಜನ್ ಬಳಸುತ್ತಾರೆ, 1959ರಿಂದ. ಗುಳ್ಳೆ ಸಣ್ಣದು, ನೊರೆ ಕೆನೆಯ ಹಾಗೆ, ಹುಳಿ ಕಡಿಮೆ. ಒಗರಿಗೆ ಮೆತ್ತನೆಯ ಹಾಸು ಹಾಸಿದ ಹಾಗೆ. ಕಪ್ಪಗಿದೆ ಅಂತ ಜನ ಇದನ್ನು ಭಾರೀ ಬಿಯರ್ ಅಂದುಕೊಳ್ಳುತ್ತಾರೆ. ಆಲ್ಕೋಹಾಲ್ ಶೇ. 4.2, ಎಷ್ಟೋ ತಿಳಿ ಲಾಗರ್‌ಗಳಿಗಿಂತ ಕಡಿಮೆ.

ಅಂದರೆ ಬಿಯರ್‌ನಲ್ಲಿ ಎಳೆದಾಡುವವರು ಇಬ್ಬರಲ್ಲ. ಸಿಹಿ, ಕಹಿ, ಹುಳಿ, ಒಗರು, ಗ್ಯಾಸ್, ಆಲ್ಕೋಹಾಲ್‌ನ ಬಿಸಿ, ಯೀಸ್ಟ್‌ನ ಘಮ, ಎಲ್ಲರೂ ಇದ್ದಾರೆ. ಒಂದು ಎದ್ದರೆ ಇನ್ಯಾವುದೋ ಅದರ ಹೆಗಲ ಮೇಲೆ ಕೈ ಇಟ್ಟು ಕೂರಿಸಬೇಕು. ಒಳ್ಳೆಯ ಐಪಿಎ ಕಹಿಯ ಕಡೆಗೇ ವಾಲಿರುತ್ತದೆ, ವಾಲಲೇಬೇಕು. ಅದರದ್ದು ಕತ್ತಿಯ ಹದ. ಆದರೆ ಆ ಕಹಿ ನಿಲ್ಲುವಷ್ಟು ಮಾಲ್ಟ್ ಕೆಳಗಿರಬೇಕು. 1980ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋದಲ್ಲಿ ಶುರುವಾದ ಸಿಯೆರಾ ನೆವಾಡಾದ ಪೇಲ್ ಏಲ್ ಇದನ್ನು ಚೆನ್ನಾಗಿ ತೋರಿಸುತ್ತದೆ. ಕ್ಯಾಸ್ಕೇಡ್ ಹಾಪ್ಸ್‌ನ ಚಕ್ಕೋತ ಸಿಪ್ಪೆಯಂಥ ಘಮ ಮುಂದೆ, ಕ್ಯಾರಮೆಲ್ ಮಾಲ್ಟ್ ಹಿಂದೆ. ಹಿಂದೆ ಇರುವವನು ಕಾಣುವುದಿಲ್ಲ, ಇಲ್ಲದಿದ್ದರೆ ಮಾತ್ರ ಗೊತ್ತಾಗುತ್ತದೆ.

‘ಬೆದೆ ಬಂದಾಗ ಬಿತ್ತಬೇಕು, ಹದ ಬಂದಾಗ ಹರಗಬೇಕು’ ಅನ್ನುತ್ತಾರಲ್ಲ, ಹದದಲ್ಲಿ ಹೊತ್ತಿನ ಮಾತೂ ಇದೆ. ಬೆಲ್ಜಿಯಂನ ಮಠವೊಂದರಲ್ಲಿ ಮಾಡುವ ಓರ್ವಾಲ್ ಬಿಯರ್ ನೋಡಿ. ಬಾಟಲಿಗೆ ತುಂಬುವಾಗ ಬ್ರೆಟನೊಮೈಸಿಸ್ ಎಂಬ ಕಾಡುಜಾತಿಯ ಯೀಸ್ಟ್ ಹಾಕುತ್ತಾರೆ. ಹೊಸದರಲ್ಲಿ ಹಾಪ್ಸ್ ಮಾತಾಡುತ್ತದೆ. ಒಂದು ವರ್ಷ ಬಿಟ್ಟು ತೆರೆದರೆ ಹಾಪ್ಸ್ ತಗ್ಗಿರುತ್ತದೆ, ಆ ಯೀಸ್ಟ್ ಉಳಿದ ಸಕ್ಕರೆಯನ್ನೂ ಮೆದ್ದು ಚರ್ಮದಂಥ, ಒಣಹುಲ್ಲಿನಂಥ ವಾಸನೆ ಬಿಟ್ಟಿರುತ್ತದೆ. ಎರಡೂ ಓರ್ವಾಲ್, ಎರಡಕ್ಕೂ ಬೇರೆ ಬೇರೆ ಹದ. ಬ್ರಸೆಲ್ಸ್ ಸುತ್ತಮುತ್ತಲಿನ ಲ್ಯಾಂಬಿಕ್ ಮಾಡುವವರಂತೂ ಹದವನ್ನೇ ಕಸುಬು ಮಾಡಿಕೊಂಡಿದ್ದಾರೆ. ಗಾಳಿಯಲ್ಲಿರುವ ಯೀಸ್ಟ್‌ನಿಂದಲೇ ಹುಳಿಯುವ ಬಿಯರ್ ಅದು. ಒಂದು, ಎರಡು, ಮೂರು ವರ್ಷದ ಪೀಪಾಯಿಗಳಿಂದ ರುಚಿ ನೋಡಿ ನೋಡಿ ಬೆರೆಸಿ ಗೂಜ್ ಮಾಡುತ್ತಾರೆ. ಎಳೆಯದರಲ್ಲಿ ಸಕ್ಕರೆ ಇದೆ, ಬಾಟಲಿಯೊಳಗೆ ಗ್ಯಾಸ್ ಹುಟ್ಟುವುದು ಅದರಿಂದ. ಹಳೆಯದರಲ್ಲಿ ಆಳ ಇದೆ. ಯಾವುದು ಎಷ್ಟು ಅನ್ನುವುದು ಬೆರೆಸುವವನ ನಾಲಿಗೆಗೆ ಬಿಟ್ಟದ್ದು.

ಹದ ಬರಿಸುವುದು ಎಷ್ಟು ಕಷ್ಟವೋ ಕೆಡಿಸುವುದು ಅಷ್ಟೇ ಸುಲಭ. ಒಮ್ಮೆ ಒಂದು ಹಸಿರು ಬಾಟಲಿಯನ್ನು ಕಿಟಕಿ ಪಕ್ಕ ಇಟ್ಟು ಮರೆತಿದ್ದೆ. ಸಂಜೆ ಫ್ರಿಜ್ಜಿಗೆ ಹಾಕಿ ರಾತ್ರಿ ತೆರೆದರೆ ಸುಟ್ಟ ರಬ್ಬರು, ಕೊಳೆತ ಬೆಳ್ಳುಳ್ಳಿ ಸೇರಿದ ವಾಸನೆ. ಬೆಳಕು ಬಿದ್ದಾಗ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ಒಂದು ಸಂಯುಕ್ತ ಹುಟ್ಟುತ್ತದೆ, ಅದರದ್ದೇ ಈ ನಾತ. ಕಂದು ಬಾಟಲಿ ಇದನ್ನು ಬಹುಪಾಲು ತಡೆಯುತ್ತದೆ. ಹಸಿರು ಅಷ್ಟಾಗಿ ತಡೆಯುವುದಿಲ್ಲ, ಬಿಳಿ ಗಾಜು ತಡೆಯುವುದೇ ಇಲ್ಲ. ತಪ್ಪು ನನ್ನದೇ, ಬಾಟಲಿಯನ್ನು ಬೈದು ಏನು ಪ್ರಯೋಜನ?

ಜರ್ಮನ್ನರ ಬಳಿ ‘ಸ್ಯುಫಿಗ್’ ಅಂತ ಒಂದು ಪದ ಇದೆ. ಗಂಟಲಿಗೆ ಸಲೀಸಾಗಿ ಇಳಿಯುವ, ಇನ್ನೊಂದು ಗುಟುಕು ಕೇಳುವ ಬಿಯರ್ ಅಂತ ಅರ್ಥ. ಮೊದಲ ಗುಟುಕಿಗೆ ‘ವಾಹ್’ ಅನಿಸುವ ಬಿಯರ್‌ಗಳು ಬೇಕಾದಷ್ಟಿವೆ. ಅರ್ಧ ಲೋಟಕ್ಕೆ ಬರುವಷ್ಟರಲ್ಲಿ ಅವೇ ಸಾಕಪ್ಪಾ ಅನಿಸುತ್ತವೆ, ಅಲ್ವಾ? ಹದ ಇರುವುದು ಸ್ಯುಫಿಗ್ ಆಗಿರುತ್ತದೆ, ಶೇ. 10 ಆಲ್ಕೋಹಾಲ್ ಇರುವ ಸ್ಟೌಟ್ ಆದರೂ ಸರಿ. ಅದು ಕೇಳುವುದು ಸಣ್ಣ ಗುಟುಕು, ಅಷ್ಟೇ ವ್ಯತ್ಯಾಸ.

ನನ್ನ ಪರೀಕ್ಷೆ ಲೋಟದ ತಳದಲ್ಲಿ ನಡೆಯುತ್ತದೆ. ತೀರಾ ತಣ್ಣಗಿದ್ದಾಗ ನಾಲಿಗೆ ಮರಗಟ್ಟಿರುತ್ತದೆ, ಸಿಹಿಯೂ ಘಮವೂ ಸರಿಯಾಗಿ ಕಾಣುವುದಿಲ್ಲ. ಕೆಟ್ಟ ಬಿಯರ್ ಬಚಾವಾಗುವುದು ಆ ಚಳಿಯಲ್ಲೇ. ಅದಕ್ಕೇ ಕೊನೆಯ ಎರಡು ಬೆರಳಷ್ಟನ್ನು ಹತ್ತು ಹದಿನೈದು ನಿಮಿಷ ಹಾಗೇ ಬಿಡುತ್ತೇನೆ. ಚಳಿ ಬಿಟ್ಟ ಮೇಲೆ ಬೆಣ್ಣೆಯ ಜಿಡ್ಡು ವಾಸನೆ, ನೆಂದ ರಟ್ಟಿನ ರುಚಿ, ಅಂಟು ಸಿಹಿ, ಏನೇ ಇದ್ದರೂ ಹೊರಗೆ ಬರುತ್ತದೆ. ಹೋದ ಸಲ ಪಿಲ್ಸ್ನರ್‌ನ ಲೋಟವನ್ನು ಹಾಗೇ ಬಿಟ್ಟು ಕೂತಿದ್ದೆ. ಕೊನೆಯ ಗುಟುಕಿನಲ್ಲೂ ಬ್ರೆಡ್ಡು ಮೊದಲು, ಕಹಿ ಆಮೇಲೆ, ಸರದಿ ತಪ್ಪಿರಲಿಲ್ಲ. ಲೋಟದ ಒಳಗೋಡೆಗೆ ನೊರೆ ಉಂಗುರ ಉಂಗುರವಾಗಿ ಅಂಟಿಕೊಂಡಿತ್ತು, ಗುಟುಕಿಗೊಂದು ಉಂಗುರ. ಎಣಿಸಿದೆ. ಒಂಬತ್ತು.